ಬಾಟಲಿ ಹಾಲಿನ ಹೋರಿ

ನಮ್ಮ ಮಾವನನ್ನು ಕೆಡವಿ, ಪಕ್ಕೆಲುಬು ಮುರಿದು, ಆಮೇಲೆ ಆ ಹೋರಿ ಏನು ಮಾಡಿತು ಗೊತ್ತೇ? ನಿಧಾನವಾಗಿ ನಡೆದುಹೋಗಿ, ಅವರೇ ತಂದಿಟ್ಟಿದ್ದ ಬಕೆಟ್ಟಿಗೆ ಮೂತಿ ಹಾಕಿ ಮೆಕ್ಕೆಜೋಳದ ನುಚ್ಚು ತಿಂದಿತು. ನನ್ನ ಕಣ್ಣೆದುರೇ ತಿಂದಿತು. ಮನುಷ್ಯ ಇನ್ನೊಬ್ಬನನ್ನು ಹೊಡೆದರೆ ಅವನ ಮುಖದಲ್ಲಿ ಏನಾದರೊಂದು ಉಳಿದಿರುತ್ತದೆ, ಸಿಟ್ಟೋ ಗಾಬರಿಯೋ. ಅದರ ಮುಖದಲ್ಲಿ ಏನೂ ಇರಲಿಲ್ಲ.

ಮೊದಲಿಂದಲೇ ಹೇಳುತ್ತೇನೆ. ನಾವು ತುಮಕೂರಿನವರು. ನಮ್ಮನೆಯವರಿಗೆ ಇಲ್ಲಿ ಪರದೇಶದಲ್ಲಿ, ವಿಕ್ಸಮ್ ಎಂಬ ಊರಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಡೆ ಎಂಜಿನಿಯರ್ ಕೆಲಸ. ಅದರ ಪಕ್ಕದ ನೋವೈ ಊರಿನ ಒಂದು ಬಡಾವಣೆಯಲ್ಲಿ ಸುಖವಾಗಿದ್ದೆವು. ಎಡಗಡೆ ಮೈಸೂರಿನವರು, ಬಲಗಡೆ ಹುಬ್ಬಳ್ಳಿಯವರು, ಸಾಸಿವೆ ಮುಗಿದರೆ ಹಿತ್ತಲ ಕಡೆಯಿಂದ ಒಂದು ಕೂಗು ಹಾಕಿದರೆ ಸಾಕು. ಅಂಥ ಕಡೆಯಿಂದ ನನ್ನನ್ನು ಎಬ್ಬಿಸಿಕೊಂಡು ಹೋಗಿ, ಫ್ರೀವೇಯಲ್ಲಿ ಪಶ್ಚಿಮಕ್ಕೆ ಮೂವತ್ತು ಮೈಲಿ ಆಚೆ ಒಂದು ಹಳೇ ಫಾರ್ಮ್ ಕೊಂಡು ಅಲ್ಲಿ ಕೂರಿಸಿದರು ಈ ಮಹಾನುಭಾವರು. ಬಕ್ರೀದ್ ಬಂತೆಂದರೆ ನೋವೈಯಿಂದ, ಆ ಕಡೆ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಿಂದ ನಮ್ಮ ಜನ ಕುರ್ಬಾನಿಗೆ ಒಳ್ಳೆಯ ದನ ಹುಡುಕಿಕೊಂಡು ಅಲೆಯುತ್ತಾರೆ, ನಾವೇ ಯಾಕೆ ಸಾಕಬಾರದು ಎಂಬುದು ಇವರ ವಾದ.

"ನಟ್ಟು ಬೋಲ್ಟು ಮಾಡೋರಿಗೆ ದನ ಯಾಕ್ರೀ?" ಎಂದೆ.

"ಇದೂ ಕ್ವಾಲಿಟಿ ಕಂಟ್ರೋಲೇ ಕಣೆ," ಎಂದರು.

ಮಾಂಸದ ದನ ಸಾಕುವವರಿಗಾಗಿ ನಡೆಸುವ ಕ್ಲಾಸಿಗೆ ಶನಿವಾರ ಶನಿವಾರ ಡ್ರೈವ್ ಮಾಡಿಕೊಂಡು ಹೋದರು. ಬಂದವರು ಎರಡೇ ಮಾತು ಜಪಿಸತೊಡಗಿದರು: ಗುಣ ಮತ್ತು ಕಸುವು. ಕಸುವು ಎಂದರೆ, ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾನಾಗಿ ಎದ್ದು ನಿಂತು ಕೆಚ್ಚಲು ಹುಡುಕಬೇಕು. ಹುಡುಕದ ಕರುವಿನ ಹಿಂದೆ ಜೀವಮಾನವೆಲ್ಲ ಓಡಬೇಕಾಗುತ್ತದೆ. ಗುಣ ಎಂದರೆ, ಸೂಜಿ ಹಾಕಲು ಕಬ್ಬಿಣದ ಪಂಜರದೊಳಗೆ ನಿಲ್ಲಿಸಿದಾಗ ದನ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಅದಕ್ಕೆ ಅಂಕ ಕೊಡುತ್ತಾರೆ. ಒಂದು ಬಂದರೆ ಪರಮ ಸಾಧು, ಆರು ಬಂದರೆ ಯಮ. ನಾವು ಕೊಂಡದ್ದು ಕೆಂಪು ಮೈ, ಬಿಳಿ ಮುಖದ ತಳಿ, ಸಾಧು ಎಂದು ಹೆಸರಾದದ್ದು. ಬಯಲಿನಲ್ಲಿ ನಾವು ಹತ್ತಿರ ಹೋದರೆ ಅವು ಸರಿಯುತ್ತಿದ್ದವು, ನಾವು ನಿಂತರೆ ಅವೂ ನಿಲ್ಲುತ್ತಿದ್ದವು. ಆ ನಡುವಿನ ಜಾಗವನ್ನು ತೋರಿಸಿ ಇವರು, "ಇಷ್ಟು ದೂರ ಇರ್ಲೇಬೇಕು," ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಸಾಕಿದ ಪ್ರಾಣಿ ನಮ್ಮನ್ನು ಕಂಡರೆ ದೂರ ಹೋಗುವುದು ಒಂದು ಹೆಚ್ಚುಗಾರಿಕೆಯೇ?

ಅಷ್ಟರಲ್ಲಿ ಊರಿನಲ್ಲಿ ಅತ್ತೆ ತೀರಿಕೊಂಡರು. ಮಾವ ನಮ್ಮ ಜೊತೆ ಇರಲು ಬಂದರು.

ಮಾವ ತುಮಕೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಮನೆಮಾತು ನಮ್ಮದು ಉರ್ದು, ಆದರೆ ಅವರಿಗೆ ಪ್ರೀತಿ ಮತ್ತು ಸಿಟ್ಟು ಎರಡೂ ಬರುವುದು ಕನ್ನಡದಲ್ಲೇ. ಪ್ರತಿ ವರ್ಷ ಬಕ್ರೀದಿಗೆ ತಿಂಗಳುಗಟ್ಟಲೆ ಮುಂಚೆ ಒಂದು ಟಗರು ತಂದು ಅಂಗಡಿ ಮುಂದೆ ಕಟ್ಟುತ್ತಿದ್ದರಂತೆ. ಕೈಯಾರೆ ಹುರುಳಿ ತಿನ್ನಿಸುವುದು, ಮೈ ತೊಳೆಸುವುದು, ಸಂಜೆಯಾದರೆ ಅದರ ಹಣೆಗೆ ಅಂಗೈ ಒತ್ತಿ ತಳ್ಳುವುದು. ಟಗರು ಎರಡು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ಡಿಚ್ಚಿ ಹೊಡೆಯಬೇಕು, ಬೀದಿಯವರೆಲ್ಲ ಹೋ ಎನ್ನಬೇಕು. "ಡಿಚ್ಚಿ ಹೊಡೀದಿರೋ ಟಗರು ಟಗರೇ ಅಲ್ಲಮ್ಮ" ಎನ್ನುತ್ತಿದ್ದರು. ಇನ್ನೊಂದು ಹಟವೂ ಇತ್ತು. ಅಲ್ಲಾನಿಗೆ ಕೊಡುವ ಪ್ರಾಣಿಯಲ್ಲಿ ಐಬ್ ಇರಬಾರದು, ಎಂದರೆ ಊನ ಇರಬಾರದು. ಕೊಂಬು, ಕಿವಿ, ಬೀಜ ಎಲ್ಲ ಹುಟ್ಟಿದಾಗ ಇದ್ದ ಹಾಗೇ ಇರಬೇಕು. ಬೀಜ ಒಡೆಸಿದರೂ ನಡೆಯುತ್ತದೆ ಎಂದು ಇಲ್ಲಿನ ಮಸೀದಿಯ ಇಮಾಮರು ಹೇಳಿದರೆ, "ಅವರು ಓದಿದೋರು, ಇರಬಹುದು. ನನ್ನ ಮನಸ್ಸು ಒಪ್ಪಬೇಕಲ್ಲ" ಎಂದರು.

ಬಂದ ವಾರದಲ್ಲೇ ಬಯಲಿನ ದನಗಳನ್ನು ನೋಡುತ್ತ ನಿಂತು ನನ್ನ ಹತ್ತಿರ ಹೇಳಿದರು. "ನಿಮ್ಮತ್ತೆ ಹೆಸರಲ್ಲಿ ಒಂದು ಕೊಡಬೇಕು ಕಣಮ್ಮ. ಕೊಂಡಿದ್ದಲ್ಲ. ನನ್ನ ಕೈಯಲ್ಲೇ ಬೆಳೆದಿದ್ದು, ನನ್ನ ಕೈಯಿಂದಲೇ ಆಗಬೇಕು. ಅಷ್ಟು ಮಾಡಿ ಹೋಗಿಬಿಡ್ತೀನಿ."

"ಹೋಗೋ ಮಾತು ಬಿಡಿ ಅಬ್ಬಾ, ಟೀ ಆರಿಹೋಗ್ತಿದೆ" ಎಂದು ಗದರಿದೆ. ಆದರೆ ಅವರಿಗೆ ಈ ಊರಿನಲ್ಲಿ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಗೊತ್ತಾಯಿತು.

ದನವಾದರೆ ಕುರ್ಬಾನಿಗೆ ಎರಡು ವರ್ಷ ತುಂಬಿರಬೇಕು. ಆ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ, ನಮ್ಮ ರಾಕ್ಷಸಿ ಅವಳಿ ಹೋರಿಕರು ಈದಳು. ರಾಕ್ಷಸಿ ಎಂದು ನಾವು ಕರೆಯುತ್ತಿದ್ದದ್ದು ಆ ಸಾಧು ಮಂದೆಯಲ್ಲಿ ಹೇಗೋ ಬಂದು ಸೇರಿದ್ದ ಒಂದು ಹಸುವನ್ನು. ಅವಳಿಗೆ ಗುಣದಲ್ಲಿ ಸಿಕ್ಕ ಅಂಕ ಐದು. ಕರು ಹಾಕಿದಾಗ ಹತ್ತಿರ ಹೋದರೆ ತಲೆ ತಗ್ಗಿಸಿ ಅಟ್ಟಿಸಿಕೊಂಡು ಬರುತ್ತಿದ್ದಳು. ನಮ್ಮ ಮಾವನನ್ನೇ ಒಂದು ಸಲ ಬೇಲಿ ಹತ್ತಿಸಿದ್ದಳು. ಮಾರಿಬಿಡಿ ಎಂದು ನಾನು ದಿನಾ ಹೇಳುತ್ತಿದ್ದೆ. ಅವಳ ಕರುಗಳಲ್ಲಿ ಇರುವ ಕಸುವು ಯಾವುದರಲ್ಲೂ ಇಲ್ಲ ಎಂದು ಇವರು ಇಟ್ಟುಕೊಂಡಿದ್ದರು.

ಅವಳಿಯಲ್ಲಿ ಒಂದು ಆಗಲೇ ಎದ್ದು ಕೆಚ್ಚಲಿಗೆ ಬಾಯಿ ಹಾಕಿತ್ತು. ಇನ್ನೊಂದು ಹಿಮದಲ್ಲಿ ಒದ್ದೆ ಚೀಲದಂತೆ ಬಿದ್ದಿತ್ತು. ರಾಕ್ಷಸಿ ಎದ್ದದ್ದನ್ನು ಕರೆದುಕೊಂಡು ಹೊರಟೇಹೋದಳು, ಬಿದ್ದದ್ದರ ಕಡೆ ತಿರುಗಿಯೂ ನೋಡಲಿಲ್ಲ. ನಾನು ದಂಗಾಗಿ ನಿಂತೆ. ಹೆತ್ತವಳು ಹೀಗೂ ಮಾಡುತ್ತಾಳೆಯೇ?

ಮಾವ ತಮ್ಮ ಶಾಲು ಬಿಚ್ಚಿ ಅದಕ್ಕೆ ಸುತ್ತಿದರು. ಇಬ್ಬರೂ ಸೇರಿ ಗ್ಯಾರೇಜಿಗೆ ಎಳೆದುಕೊಂಡು ಬಂದೆವು. ನನ್ನ ಹೇರ್ ಡ್ರೈಯರ್‌ನಿಂದ ಮೈ ಒಣಗಿಸಿ, ಹುಲ್ಲುಕಡ್ಡಿ ಮೂಗಿಗೆ ಹಾಕಿ ಸೀನಿಸಿ, ಎದೆ ಉಜ್ಜಿ ಉಜ್ಜಿ ಮಾವನ ಕೈ ಕೆಂಪಾಯಿತು. ಇವರು ಪ್ಯಾಕೆಟ್ಟಿನಿಂದ ಗಿಣ್ಣಿನ ಪುಡಿ ತೆಗೆದು ಬಿಸಿನೀರಿಗೆ ಕಲಸಿದಾಗ ಮಾವ ಬೆಚ್ಚಿ ಹಿಂದೆ ಸರಿದರು. "ಗಿಣ್ಣೂ ಪುಡೀಲಿ ಬರುತ್ತಾ? ಯಾ ಅಲ್ಲಾ, ಈ ದೇಶದವರು ತಾಯೀನೂ ಪುಡಿ ಮಾಡಿಬಿಟ್ಟವ್ರೆ!" ಮಧ್ಯಾಹ್ನದ ಹೊತ್ತಿಗೆ ಕರು ಬಾಟಲಿಯನ್ನು ಕಚ್ಚಿ ಹೀರಿತು. ಮಾವ ಅತ್ತರು. ನಾನೂ ಅತ್ತೆ.

ಆ ಕರುವೇ ಅವರ "ಮಗ" ಆಯಿತು. "ಬಾ ಮಗಾ" ಎಂದರೆ ಅಡುಗೆಮನೆ ಬಾಗಿಲವರೆಗೂ ಬರುತ್ತಿತ್ತು. ಮಂದೆಯ ಜೊತೆ ಬಿಟ್ಟರೆ ರಾಕ್ಷಸಿ ಒದೆಯುತ್ತಾಳೆಂದು ಮನೆ ಪಕ್ಕದಲ್ಲೇ ದೊಡ್ಡಿ ಮಾಡಿ ಒಂಟಿಯಾಗಿ ಸಾಕಿದರು. ಬಾಟಲಿ ಹಾಲು, ಕೈತುತ್ತು, ಸಂಜೆಯಾದರೆ ಹಣೆಗೆ ಅಂಗೈ ಇಟ್ಟು ತಳ್ಳುವುದು, ಅದು ಡಿಚ್ಚಿ ಹೊಡೆಯುವುದು, ಮಾವ "ಶಹಬ್ಬಾಸ್!" ಎನ್ನುವುದು. ಸೈಕಲ್ ಶಾಪ್ ಮುಂದಿನ ಟಗರಿಗೆ ಏನೇನು ಮಾಡುತ್ತಿದ್ದರೋ ಅದೆಲ್ಲ ಇದಕ್ಕೂ ಆಯಿತು. ಹೈಸ್ಕೂಲಿನಲ್ಲಿರುವ ನನ್ನ ಮಗಳು ಅದರ ಬೆನ್ನ ಮೇಲೆ ತಲೆಯಿಟ್ಟು, "ಹೀ ಈಸ್ ಸೋ ಚಿಲ್, ಮಾಮ್!" ಎನ್ನುತ್ತಿದ್ದಳು. ಪಂಜರಕ್ಕೆ ಹಾಕಿದಾಗ ಗುಣದ ಅಂಕ? ಒಂದು. ಇಡೀ ಮಂದೆಯಲ್ಲಿ ಒಂದು ಅಂಕ ಬಂದದ್ದು ಅದೊಂದಕ್ಕೇ.

ಬೇರೆ ಕರುಗಳ ಬೀಜ ಒಡೆಸುವ ಸಮಯ ಬಂತು. ತಿಂಡಿ ತಿನ್ನುವಾಗ ನಮ್ಮನೆಯವರು ತಟ್ಟೆ ನೋಡಿಕೊಂಡೇ, "ಅಬ್ಬಾ, ಇದಕ್ಕೂ ಮಾಡಿಸಿಬಿಡೋಣ. ಕೊಂಬೂ ಸುಡಿಸಿಬಿಡೋಣ" ಎಂದರು.

ಮಾವ ಲೋಟ ಕೆಳಗಿಟ್ಟರು. "ನಿಮ್ಮಮ್ಮನ ಹೆಸರಲ್ಲಿ ಕೊಡೋದಕ್ಕೆ ಐಬ್ ಮಾಡ್ತೀಯೇನೋ?"

ಮುಗಿಯಿತು. ಕಾರ್ಖಾನೆಯಲ್ಲಿ ಮ್ಯಾನೇಜರುಗಳ ಜೊತೆ ಗಂಟೆಗಟ್ಟಲೆ ವಾದ ಮಾಡುವ ಮನುಷ್ಯ, ಅಪ್ಪನ ಮುಂದೆ ಎರಡನೇ ಮಾತು ಆಡಲಿಲ್ಲ. ನಮ್ಮ ಕಡೆ ಗಂಡುಮಕ್ಕಳು ಹಾಗೇ. ಮಾವನ ಆ "ಮಗ" ಕೊಂಬು ಬೆಳೆಸಿಕೊಂಡು ಹೋರಿಯಾಗಿಯೇ ಉಳಿಯಿತು. ರಾಕ್ಷಸಿ ಸಾಕಿದ ಅವಳಿ ಅಣ್ಣ, ಬೀಜ ಒಡೆಸಿಕೊಂಡು, ಕೊಂಬು ಸುಡಿಸಿಕೊಂಡು, ನಮ್ಮನ್ನು ಕಂಡರೆ ದೂರ ಸರಿಯುತ್ತ ಬಯಲಿನಲ್ಲಿ ಬೆಳೆಯಿತು.

ಎರಡು ವರ್ಷ ತುಂಬಿತು. ಬಕ್ರೀದಿಗೆ ಇನ್ನು ಕೆಲವು ವಾರವಿತ್ತು. ಹೋರಿಗೆ ಒಂದು ಹೊಸ ಅಭ್ಯಾಸ ಬಂದಿತ್ತು. ಮಾವ ದೊಡ್ಡಿಗೆ ಬಂದರೆ ಎದುರಿಗೆ ಬಾರದೆ ಪಕ್ಕಕ್ಕೆ ತಿರುಗಿ, ಬೆನ್ನು ಉಬ್ಬಿಸಿ, ಕತ್ತು ಬಾಗಿಸಿ, ಇಡೀ ಮೈ ಉದ್ದಕ್ಕೆ ತೋರಿಸಿ ನಿಲ್ಲುತ್ತಿತ್ತು. "ನೋಡಮ್ಮ, ಮದುವೆ ಗಂಡು ಫೋಟೋಗೆ ನಿಂತಂಗೆ ನಿಂತವ್ನೆ" ಎಂದು ಮಾವ ನಗುತ್ತಿದ್ದರು. ನಾನು ನಿಜವಾಗಿಯೂ ಫೋಟೋ ತೆಗೆದು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ನಮ್ಮಕ್ಕನಿಗೆ ಕಳಿಸಿದೆ. ಅಕ್ಕ ಆ ವರ್ಷ ನಮ್ಮಲ್ಲೇ ಒಂದು ದನದಲ್ಲಿ ಪಾಲು ಹಿಡಿದಿದ್ದಳು. "ಮಾಷಾ ಅಲ್ಲಾ, ಏನ್ ಗತ್ತು!" ಎಂದಳು.

ಮಾರನೇ ದಿನವೋ ಅದರ ಮಾರನೇ ದಿನವೋ, ಬೆಳಗ್ಗೆ, ಒಳ್ಳೆಯ ಬಿಸಿಲು. ಇವರು ವಿಕ್ಸಮ್‌ಗೆ ಹೋಗಿಯಾಗಿತ್ತು, ಮಗಳು ಸ್ಕೂಲಿಗೆ. ನಾನು ಕಿಟಕಿಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದೆ. ಮಾವ ಬಕೆಟ್ ಹಿಡಿದು ದೊಡ್ಡಿಯ ಗೇಟು ತೆಗೆದು ಒಳಗೆ ಹೋದರು. ಬಕೆಟ್ ಕೆಳಗಿಟ್ಟರು. ಹೋರಿ ಪಕ್ಕೆ ತೋರಿಸಿ ನಿಂತಿತು. ಮಾವ ಹತ್ತಿರ ಹೋಗಿ, "ಬಾ ಮಗಾ" ಎಂದು ಹಣೆಗೆ ಅಂಗೈ ಇಟ್ಟರು.

ಅದು ಗುಟುರು ಹಾಕಲಿಲ್ಲ. ಓಡಿ ಬರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಮುಂದೆ ನಡೆಯಿತು, ಅಷ್ಟೇ. ಮಾವ ನೆಲದ ಮೇಲಿದ್ದರು. ಎದೆಯ ಮೇಲೆ ಹಣೆಯಿಟ್ಟು ಒತ್ತತೊಡಗಿತು. ಒತ್ತುತ್ತದೆ, ಸ್ವಲ್ಪ ಎತ್ತುತ್ತದೆ, ಮತ್ತೆ ಒತ್ತುತ್ತದೆ. ಒಂದು ಸದ್ದಿಲ್ಲ. ಆ ಸದ್ದಿಲ್ಲದ್ದೇ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ನಾನು ಒಂದು ಕ್ಷಣ ಆಟವಾಡುತ್ತಿದೆ ಎಂದೇ ತಿಳಿದೆ! ಮಾವನ ಕಾಲು ಒದ್ದಾಡಿದ ಮೇಲೆ ನನ್ನ ಬಾಯಿಂದ ಕಿರುಚು ಹೊರಟಿತು.

ಚಪ್ಪಲಿಯಿಲ್ಲದೆ ಓಡಿದೆ. ಸಲಿಕೆ ಎತ್ತಿ ಅದರ ಬೆನ್ನಿಗೆ ಬಾರಿಸಿದೆ. ನೊಣ ಕೂತ ಹಾಗೂ ಅದಕ್ಕೆ ಆಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತನ್ನ ಕೆಲಸಕ್ಕೆ ಬಗ್ಗಿತು. ಅದಕ್ಕೆ ನನ್ನ ಹೆದರಿಕೆಯೇ ಇರಲಿಲ್ಲ. ಎಲ್ಲಿಂದ ಬರಬೇಕು? ನನ್ನ ಅಡುಗೆಮನೆ ಬಾಗಿಲಲ್ಲಿ ಬೆಳೆದದ್ದು! ಇದೇ ಸಲಿಕೆ ಹಿಡಿದು ಮಂದೆಯೊಳಗೆ ಹೋಗಿದ್ದರೆ ರಾಕ್ಷಸಿ ಕೂಡ ಒಂದು ಹೆಜ್ಜೆ ಹಿಂದೆ ಇಡುತ್ತಿದ್ದಳು.

ಪಿಕಪ್ ಟ್ರಕ್ಕಿನಲ್ಲೇ ಕೀ ಇತ್ತು. ಹೇಗೆ ಹತ್ತಿದೆನೋ ಗೊತ್ತಿಲ್ಲ. ಹಾರ್ನ್ ಒತ್ತಿ ಹಿಡಿದು ಗೇಟಿನೊಳಗೆ ನುಗ್ಗಿಸಿ, ಹೋರಿಯ ಪಕ್ಕೆಗೆ ಬಂಪರ್ ತಗುಲಿಸಿ ತಳ್ಳಿದೆ. ಅದು ಬಾಗಿಲಿಗೆ ಒಂದು ಸಲ ಗುದ್ದಿತು, ಟ್ರಕ್ಕು ಅಲುಗಿತು. ಮಾವನಿಗೂ ಅದಕ್ಕೂ ನಡುವೆ ಟ್ರಕ್ಕು ನಿಂತಿತು. ಈ ಕಡೆಯ ಬಾಗಿಲಿಂದ ಇಳಿದು, ಅವರ ಕಂಕುಳಿಗೆ ಕೈಹಾಕಿ ಬೇಲಿಯ ಕೆಳಗಿನಿಂದ ಎಳೆದೆ. ಆಂಬುಲೆನ್ಸಿಗೆಂದು ನೈನ್ ಒನ್ ಒನ್‌ಗೆ ಫೋನ್ ಮಾಡಿ ತಿರುಗಿ ನೋಡಿದರೆ, ಆಗಲೇ ಹೇಳಿದೆನಲ್ಲ, ನುಚ್ಚು ತಿನ್ನುತ್ತಿತ್ತು.

ಪಕ್ಕೆಲುಬು ಮುರಿದಿತ್ತು, ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಜೀವಕ್ಕೇನೂ ಭಯವಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮನೆಯವರಿಗೆ, ನಾನು ಅಕ್ಕನಿಗೆ ಕಳಿಸಿದ್ದ ಫೋಟೋ ತೋರಿಸಿದೆ, ನಿನ್ನೆ ಮೊನ್ನೆವರೆಗೆ ಎಷ್ಟು ಚೆನ್ನಾಗಿತ್ತು ನೋಡಿ ಎಂದು. ಅವರು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಹೀಗೆ ನಿಲ್ತಿತ್ತಾ? ಪಕ್ಕಕ್ಕೆ ತಿರುಗಿ?"

"ಹೂಂ. ಯಾಕೆ?"

"ಅದು ಎಚ್ಚರಿಕೆ ಕಣೆ. ನನ್ನ ಮೈ ಎಷ್ಟಿದೆ ನೋಡ್ಕೋ, ದೂರ ಹೋಗು ಅಂತ. ಹೋರಿ ಹೋರಿಗೆ ಹೇಳೋದು ಹಂಗೇ. ಕ್ಲಾಸಲ್ಲಿ ಇದೇ ಥರ ಚಿತ್ರ ತೋರ್ಸಿದ್ರು." ಗೋಡೆಗೆ ಒರಗಿದರು. "ಬಾಟಲಿ ಹಾಲು ಕುಡಿದು ಒಂಟಿಯಾಗಿ ಬೆಳೆದ ಕರೂನ ಹೋರಿಯಾಗಿ ಬಿಡಲೇಬಾರದು ಅಂತ ಮೊದಲನೇ ದಿನಾನೇ ಹೇಳಿದ್ರು. ಅದಕ್ಕೆ ಮನುಷ್ಯರೂ ತನ್ನ ಜಾತೀನೇ ಅನ್ಸುತ್ತೆ. ದೊಡ್ಡದಾದ ಮೇಲೆ ಯಾರು ಮೇಲು ಅಂತ ನೋಡೋಕೆ ಬರುತ್ತೆ."

ನನಗೆ ಹೋರಿ ಮಾಡಿದ್ದಕ್ಕಿಂತ ಇದೇ ದೊಡ್ಡ ಏಟು. "ಗೊತ್ತಿದ್ದೂ ಸುಮ್ನಿದ್ರಾ? ಬಾಯಲ್ಲಿ ಏನಿತ್ರೀ ನಿಮಗೆ?"

"ಹೇಳಿದ್ನಲ್ಲ. ಅವತ್ತು ತಿಂಡಿ ತಿನ್ನೋವಾಗ."

"ಬೀಜದ ಮಾತು ಹೇಳಿದ್ರಿ. ಜೀವದ ಮಾತು ಹೇಳಿದ್ರಾ?"

ನರ್ಸ್ ಬಂದು ಮೆಲ್ಲಗೆ ಮಾತಾಡಿ ಎಂದಳು.

ನೋವೈಯಿಂದ ನೋಡಲು ಬಂದ ಮೈಸೂರಿನ ಆಂಟಿ, "ಗೋಮುಖ ವ್ಯಾಘ್ರ ಅಂತ ಕೇಳಿದ್ದೆ, ನಿಮ್ಮನೇಲೇ ಇತ್ತಲ್ಲಮ್ಮಾ" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರು. ನಾನು ತಲೆಯಾಡಿಸಿದೆ. ಆದರೆ ಅದು ಸುಳ್ಳು. ಆ ಹೋರಿ ಮುಖವಾಡ ಹಾಕಿರಲಿಲ್ಲ. ನಾವು ಕಲಿಸಿದ ಆಟವನ್ನೇ ಆಡಿತ್ತು, ದೂರ ಹೋಗಿ ಎಂದು ದಿನಾ ಹೇಳಿಯೂ ಇತ್ತು. ನಾವು ಅದಕ್ಕೆ ಫೋಟೋ ತೆಗೆದಿದ್ದೆವು.

ಬಕ್ರೀದಿನ ದಿನ ಮನೆಯವರೇ ನಿಂತು ಕೊಯ್ಯಲು ಬಿಡುವ ಒಂದು ಸಣ್ಣ ಕಸಾಯಿಖಾನೆ ನಮ್ಮ ಕಡೆ ಇದೆ. ಅವರು ಖಡಾಖಂಡಿತವಾಗಿ ಹೇಳಿದರು: ಕೊಂಬಿರುವ, ಮನುಷ್ಯನ ಮೇಲೆ ಬಿದ್ದ ಹೋರಿಯ ಹತ್ತಿರ ಯಾವ ಮನೆಯವರನ್ನೂ ಬಿಡುವುದಿಲ್ಲ. ದೂರದ ದೊಡ್ಡ ಕಸಾಯಿಖಾನೆಗೆ ಮಾರಿ, ಲಾರಿಗೆ ಹಾಕಿ ಕಳಿಸುವುದೊಂದೇ ದಾರಿ. ಇದನ್ನು ಮಾವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮನೆಯಲ್ಲಿ ಬಾಯಿ ಇರುವುದು ನನಗೊಬ್ಬಳಿಗೇ ತಾನೇ!

ಮಾವ ಸೀಲಿಂಗ್ ನೋಡುತ್ತ ಮಲಗಿದ್ದರು. ಹೇಳಿದೆ. ಅತ್ತೆಯ ಹೆಸರಿನ ಕುರ್ಬಾನಿ ಅವರ ಕೈಯಿಂದ ಇನ್ನು ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಅನ್ನ ಹಾಕಿದ ಕೈಗೇ ಹೀಗೆ ಮಾಡ್ತಲ್ಲ ಅಬ್ಬಾ. ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದೆ.

"ಅದರ ಗುಣಾನ ಯಾಕೆ ಬೈತೀಯಮ್ಮ," ಎಂದರು. ಉಸಿರು ಎಳೆದರೆ ನೋಯುತ್ತಿತ್ತು, ತಡೆದು ತಡೆದು ಮಾತಾಡಿದರು. "ನಾನು ಅದನ್ನ ಕೊಯ್ಯೋಕೆ ಅಂತಾನೇ ಸಾಕಿದ್ದೆ. ಮಗಾ ಮಗಾ ಅಂತ ಕರೀತಾ ಸಾಕಿದ್ದೆ. ಅದು ನನ್ನನ್ನ ಬರೀ ಕೆಡವ್ತು."

ಟೀ ತರುತ್ತೇನೆ ಎಂದು ಎದ್ದು ಬಂದೆ.

ಲಾರಿ ಬಂದ ದಿನ ನಮ್ಮನೆಯವರು ಪಕ್ಕದ ಫಾರ್ಮಿನವರನ್ನು ಕರೆಸಿದ್ದರು. ಕಬ್ಬಿಣದ ಗೇಟು, ಉದ್ದನೆಯ ಕೋಲು, ಎಲ್ಲ ಸಿದ್ಧ ಮಾಡಿಕೊಂಡಿದ್ದರು. ಬೇರೆ ಯಾವ ದನವನ್ನು ಹತ್ತಿಸಬೇಕಾದರೂ ಅರ್ಧ ದಿನದ ಯುದ್ಧ. ನಾನು ಬೇಲಿಯ ಆಚೆ ಕಡೆಯಿಂದ ಬಕೆಟ್ ಅಲ್ಲಾಡಿಸಿ, "ಬಾ ಮಗಾ" ಎಂದೆ. ಅಷ್ಟೇ. ತಲೆ ಅಲ್ಲಾಡಿಸಿಕೊಂಡು, ಬೇಲಿ ಪಕ್ಕದಲ್ಲೇ ನನ್ನ ಹಿಂದೆ ಹಿಂದೆ ನಡೆದು, ತಾನಾಗಿ ಲಾರಿ ಹತ್ತಿ ನಿಂತಿತು. ಎಲ್ಲರೂ ಬಿಟ್ಟ ಬಾಯಿ ಬಿಟ್ಟಂತೆ ನಿಂತೆವು. ಒಂದು ಅಂಕ ಬಂದದ್ದು ಸುಳ್ಳಲ್ಲ.

ಸಂಜೆ ಆಸ್ಪತ್ರೆಯಲ್ಲಿ ಮಾವ ಕೇಳಿದರು. "ಹತ್ತಿಸೋಕೆ ಕಷ್ಟ ಆಯ್ತಾ?"

"ಇಲ್ಲ ಅಬ್ಬಾ. ಕರೆದೆ, ಬಂತು."

ಅವರು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು.

ಆ ಬಕ್ರೀದಿಗೆ ರಾಕ್ಷಸಿಯ ಇನ್ನೊಂದು ಮಗ, ಅದೇ ಕೊಂಬಿಲ್ಲದ್ದು, ಬೀಜವಿಲ್ಲದ್ದು, ಅತ್ತೆಯ ಹೆಸರಿನಲ್ಲಿ ಆಯಿತು. ಮಾವ ಗಾಲಿಕುರ್ಚಿಯಲ್ಲಿ ಕೂತು ದುವಾ ಓದಿದರು, ಚಾಕು ಹಿಡಿದದ್ದು ನಮ್ಮನೆಯವರು. ಐಬ್ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಮತ್ತೊಂದು ಹಸು ಕರುವನ್ನು ಒಲ್ಲೆ ಎಂದಿತು. ಏಳಲಾರದ ಕರು, ಗ್ಯಾರೇಜು, ಹೇರ್ ಡ್ರೈಯರ್, ಗಿಣ್ಣಿನ ಪುಡಿ, ಎಲ್ಲ ಮತ್ತೆ. ಹೋರಿಕರುವೇ. ಈ ಸಲ ವಾರ ಕಳೆಯುವಷ್ಟರಲ್ಲಿ ಬೀಜ ಒಡೆಸಿ, ಬೇರೆ ಕರುಗಳ ಜೊತೆ ಬಿಟ್ಟೆವು. ಹಾಲು ಮಾತ್ರ ಇನ್ನೂ ಬಾಟಲಿಯಲ್ಲೇ ಕೊಡಬೇಕಿತ್ತು. ಮಾವ ಊರುಗೋಲು ಊರಿಕೊಂಡು ಬಂದು ನಾನೇ ಕೊಡುತ್ತೇನೆ ಎಂದರು. ಮತ್ತೆ ಅದೇ ಕಥೆಯಾ ಎಂದು ನಾನೂ ಹಿಂದೆಯೇ ಹೊರಟೆ.

ಅವರು ದೊಡ್ಡಿಯೊಳಗೆ ಹೋಗಲಿಲ್ಲ. ಕೊಟ್ಟಿಗೆಯ ಹಲಗೆಗೋಡೆಯ ಸಂದಿಯಲ್ಲಿ ಬಾಟಲಿಯ ತುದಿಯನ್ನು ಮಾತ್ರ ಆಚೆಗೆ ತೂರಿಸಿ, ತಾವು ಈಚೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಮಾತಾಡಲಿಲ್ಲ. ಮಗಾ ಎನ್ನಲಿಲ್ಲ. ಆಚೆಯಿಂದ ಕರು ಎಳೆದಾಗ ಬಾಟಲಿ ಅವರ ಕೈಯಲ್ಲಿ ಜಗ್ಗುತ್ತಿತ್ತು. ಖಾಲಿಯಾದ ಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಎರಡೂ ಕಡೆ ಕಾಣುವ ಹಾಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದರು.

"ಪೂರ್ತಿ ಕುಡೀತಾ?"

"ಕುಡೀತು ಅಬ್ಬಾ."

"ನಾನು ಅಂತ ಗೊತ್ತಾಯ್ತಾ ಅದಕ್ಕೆ?"

"ಇಲ್ಲ. ಕುಡಿದು ಬೇರೆ ಕರುಗಳ ಹತ್ರ ಹೋಗ್ಬಿಡ್ತು."

"ಒಳ್ಳೇದಾಯ್ತು," ಎಂದು ಬಾಟಲಿಯನ್ನು ತೊಳೆಯಲು ನನ್ನ ಕೈಗೆ ಕೊಟ್ಟರು.